ಇಣಿಯಿಂದ ಶುರುವಾಗುವ ಎತ್ತು

ಕಪ್ಪಗಲ್ಲು ಗುಡ್ಡದ ಬಂಡೆಗಳಲ್ಲಿ ಹಿಂದಿನವರು ಕೆತ್ತಿದ ಎತ್ತುಗಳು ದಿನಕ್ಕೆ ಎರಡೇ ಹೊತ್ತು ಚೆನ್ನಾಗಿ ಕಾಣುತ್ತವೆ. ಬೆಳಗ್ಗೆ ಬಿಸಿಲು ಅಡ್ಡಡ್ಡ ಬೀಳುವ ಒಂದು ತಾಸು, ಸಂಜೆ ಹೊತ್ತು ಇಳಿಯುವಾಗ ಇನ್ನೊಂದು ತಾಸು. ನಡುಹಗಲಲ್ಲಿ ಹೋದವರಿಗೆ ಅಲ್ಲಿ ಕಾಣುವುದು ಕರಿ ಗುಂಡುಗಳ ರಾಶಿ, ಜಾಲಿ ಮುಳ್ಳು, ಕಾದ ಕಲ್ಲು. "ಏನೂ ಇಲ್ಲ ಬಿಡ್ರಿ ಅಲ್ಲಿ" ಅಂತ ವಾಪಸ್ ಬಂದವರು ನನ್ನ ಗೆಳೆಯರಲ್ಲೇ ಇದ್ದಾರೆ. ಅದಕ್ಕೇ ಫೆಬ್ರವರಿಯ ಆ ಭಾನುವಾರ ಐದು ಗಂಟೆಗೇ ಮಗಳನ್ನು ಎಬ್ಬಿಸಿದೆ. ಆರನೇ ಕ್ಲಾಸಿನ ಹುಡುಗಿ, ಭಾನುವಾರ ಅಷ್ಟು ಬೇಗ ಎದ್ದದ್ದೇ ದೊಡ್ಡದು. ಕಾರಿನ ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು, ನಮ್ಮಮ್ಮ ಕಟ್ಟಿಕೊಟ್ಟ ರೊಟ್ಟಿ ಡಬ್ಬಿ, ಮಗಳ ಡ್ರಾಯಿಂಗ್ ಪುಸ್ತಕ.

ಬೆಳಗ್ಗೆ ಕಪ್ಪಗಲ್ಲು, ಆಮೇಲೆ ಕುರುಗೋಡು, ಕಂಪ್ಲಿ ದಾಟಿ ಗಂಗಾವತಿ, ಸಂಜೆ ಬಿಸಿಲಿಗೆ ಹಿರೇಬೆಣಕಲ್ಲು. ಒಂದು ಬೆಳಕಿಗೆ ಬಳ್ಳಾರಿಯ ಗುಡ್ಡ, ಇನ್ನೊಂದು ಬೆಳಕಿಗೆ ಕೊಪ್ಪಳದ ಗುಡ್ಡ ಅಂತ ನಾನು ಲೆಕ್ಕ ಹಾಕಿಕೊಂಡಿದ್ದೆ. ಬಹಳ ವರ್ಷದಿಂದ ಈ ಎರಡನ್ನೂ ಒಂದೇ ದಿನ ನೋಡಬೇಕು ಅನ್ನುವ ಆಸೆ. ಬೇರೆ ಬೇರೆ ಸಲ ನೋಡಿದಾಗ ಎರಡೂ ಬೇರೆ ಬೇರೆ ಅನ್ನಿಸಿದ್ದವು.

ಬಳ್ಳಾರಿ ಊರೊಳಗೆ 'ಕಪ್ಪಗಲ್ಲು ರೋಡ್' ಅಂದರೆ ಅಪಾರ್ಟ್‌ಮೆಂಟು, ಆಸ್ಪತ್ರೆ, ಬೇಕರಿ. ಆ ಹೆಸರಿನ ಹಿಂದೆ ಒಂದು ಊರಿದೆ, ಊರಿನ ಹಿಂದೆ ಒಂದು ಕಪ್ಪು ಕಲ್ಲಿನ ಗುಡ್ಡ ಇದೆ ಅಂತ ಅಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ನೆನಪೇ ಆಗುವುದಿಲ್ಲ. ನನ್ನ ಕತೆಯೂ ಅದೇ. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ, ಆ ಗುಡ್ಡ ಮೊದಲ ಸಲ ಹತ್ತಿದಾಗ ವಯಸ್ಸು ಮೂವತ್ತು ದಾಟಿತ್ತು.

ಊರು ಬಿಟ್ಟು ಏಳೆಂಟು ಕಿಲೋಮೀಟರ್ ಹೋದರೆ ಸಂಗನಕಲ್ಲು, ಅದರ ಪಕ್ಕದಲ್ಲೇ ಕಪ್ಪಗಲ್ಲು. ಡಾಂಬರು ಮುಗಿದ ಮೇಲೆ ಎತ್ತಿನಗಾಡಿ ಜಾಡಿನಂಥ ದಾರಿ. ಎರಡೂ ಕಡೆ ಎರೆಹೊಲ, ಕಣದಲ್ಲಿ ಹರವಿದ ಮೆಣಸಿನಕಾಯಿ. ಹೆಡ್‌ಲೈಟಿಗೆ ಮೊದಲು ಆ ಕೆಂಪು ಕಂಡಿತು. ಗ್ಲಾಸು ಇಳಿಸಿದ್ದೇ ತಡ, ಇಬ್ಬರಿಗೂ ಸೀನು. ಕಾರಿನ ಹೊಟ್ಟೆಗೆ ಕಲ್ಲು ತಾಗುವ ಸದ್ದು ಕೇಳಿಸತೊಡಗಿದಾಗ ನಿಲ್ಲಿಸಿ ನಡೆಯತೊಡಗಿದೆವು.

ಈ ಸೀಮೆಯ ಗುಡ್ಡ ಯಾವುದು ನೋಡಿದರೂ ಬೂದು, ತಿಳಿಗೆಂಪು ಬಣ್ಣದ ಗ್ರಾನೈಟ್. ಸುಮಾರು 250 ಕೋಟಿ ವರ್ಷದ ಕಲ್ಲು, ಬಿರುಕು ಬಿಟ್ಟು, ಅಂಚು ಸವೆದು, ಗುಂಡಾಗಿ, ಒಂದರ ಮೇಲೊಂದು ಕೂತದ್ದು. ಕಪ್ಪಗಲ್ಲಿನಲ್ಲಿ ಅದರ ನಡುವೆ ಕರಿಕಲ್ಲಿನ ಒಂದು ಸಾಲು ಗುಡ್ಡದ ನೆತ್ತಿಗುಂಟ ಹಾದುಹೋಗುತ್ತದೆ. ಭೂಮಿಯ ಆಳದಿಂದ ಕಾದ ಶಿಲಾರಸ ಗ್ರಾನೈಟಿನ ಸೀಳಿನೊಳಗೆ ನುಗ್ಗಿ, ಅಲ್ಲೇ ತಣ್ಣಗಾಗಿ ಗಟ್ಟಿಯಾದ ಗೋಡೆ ಅದು. ಭೂವಿಜ್ಞಾನಿಗಳು ಡೈಕ್ ಅನ್ನುತ್ತಾರೆ, ಕಲ್ಲಿನ ಹೆಸರು ಡೊಲೆರೈಟ್. ಕಪ್ಪು ಕಲ್ಲಿಗೆ ಕಪ್ಪಗಲ್ಲು ಅಂದ ನಮ್ಮ ಜನರ ಹೆಸರು ನನಗೆ ಅದಕ್ಕಿಂತ ಹಿಡಿಸುತ್ತದೆ. ಊರಿನ ಹೆಸರು ಬಂದದ್ದು ಅದರಿಂದಲೇ ಅಂತ ನಾನು ಆಣೆ ಮಾಡಲಾರೆ, ಆ ಸಾಲಿನ ಮೇಲೆ ನಿಂತಾಗ ಬೇರೆ ಯಾವ ಕಾರಣವೂ ತೋಚುವುದಿಲ್ಲ ಅಷ್ಟೇ.

ಈ ಕರಿಕಲ್ಲಿನ ಗುಣ ಏನೆಂದರೆ, ಗಾಳಿ ಬಿಸಿಲಿಗೆ ಅದರ ಮೈಮೇಲೆ ಒಂದು ಗಾಢವಾದ ಪೊರೆ ಕಟ್ಟುತ್ತದೆ. ಇನ್ನೊಂದು ಕಲ್ಲಿನಿಂದ ಜಜ್ಜಿದರೆ ಪೊರೆ ಒಡೆದು ಒಳಗಿನ ತಿಳಿ ಬಣ್ಣ ಹೊರಗೆ ಬರುತ್ತದೆ. ಕಾಲ ಕಳೆದಂತೆ ಆ ಗಾಯವೂ ಕಪ್ಪಾಗುತ್ತದೆ. ಹಾಗಾಗಿ ಹೊಸ ಗೀಚು ದೂರದಿಂದಲೇ ಬೆಳ್ಳಗೆ ಕಾಣುತ್ತದೆ, ಹಳೆಯದು ಬಂಡೆಯ ಬಣ್ಣಕ್ಕೇ ತಿರುಗಿರುತ್ತದೆ. ಬಹಳ ಹಳೆಯದು ಬಣ್ಣದಿಂದ ಕಾಣುವುದೇ ಇಲ್ಲ, ನೆರಳಿನಿಂದ ಕಾಣುತ್ತದೆ. ಅಡ್ಡ ಬಿಸಿಲು ಬೇಕು ಅಂದದ್ದು ಇದಕ್ಕೆ.

ಮೇಲೆ ತಲುಪಿದಾಗ ಪೂರ್ವ ಕೆಂಪಾಗಿತ್ತು, ಕಲ್ಲು ಇನ್ನೂ ಕಪ್ಪಗೇ ಇತ್ತು. "ಎಲ್ಲಿ ಪಪ್ಪಾ?" ಅಂದಳು ಮಗಳು. ಕೂತ್ಕೋ ಅಂದೆ. ಸೂರ್ಯ ಹೊಲದ ಅಂಚಿನಿಂದ ಮೇಲೆ ಬಂದು ಬೆಳಕು ಬಂಡೆಯ ಮೈ ಸವರಿಕೊಂಡು ಹೋಯಿತು. ಅವಳು ಕೂತಿದ್ದ ಕಲ್ಲಿನ ಎದುರಿನ ಕಲ್ಲಿನಲ್ಲಿ ಮೊದಲು ಒಂದು ಕೊಂಬು, ಆಮೇಲೆ ಬೆನ್ನು, ಆಮೇಲೆ ನಾಲ್ಕು ಎತ್ತು, ಅವುಗಳ ಹಿಂದೆ ಕೈ ಎತ್ತಿದ ಒಬ್ಬ ಮನುಷ್ಯ ಎದ್ದುಬಂದರು. ಅವಳು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಇಲ್ಲಿ ಇಂಥವು ಸಾವಿರಗಟ್ಟಲೆ ಇವೆ. ಜಿಂಕೆ, ಆನೆ, ಕುಣಿಯುವ ಜನ, ಬಿಲ್ಲು ಹಿಡಿದವರು ಎಲ್ಲ ಇದ್ದರೂ ಎಲ್ಲಿ ನೋಡಿದರೂ ಎತ್ತೇ ಹೆಚ್ಚು. ಉದ್ದ ಕೊಂಬಿನ, ಇಣಿ ಎದ್ದ ಎತ್ತು. ಪುಸ್ತಕದ ಕನ್ನಡದಲ್ಲಿ ಹಿಣಿಲು ಅನ್ನುತ್ತಾರಲ್ಲ, ಹೆಗಲ ಮೇಲಿನ ಆ ಡುಬ್ಬಕ್ಕೆ ನಮ್ಮ ಕಡೆ ಇಣಿ. ಇದರಲ್ಲಿ ಬಹಳಷ್ಟು ನವಶಿಲಾಯುಗದ ಕೆಲಸ. ದಕ್ಷಿಣದಲ್ಲಿ ಆ ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ಅಂತ ಲೆಕ್ಕ. ಆಮೇಲೆ ಬಂದವರೂ ಸುಮ್ಮನೆ ಕೂತಿಲ್ಲ. ಹಳೇ ಎತ್ತಿನ ಪಕ್ಕದಲ್ಲಿ ಹೊಸಬರ ಕುದುರೆ ಸವಾರ, ಅದರ ಪಕ್ಕ ಮೊನ್ನೆ ಮೊನ್ನೆ ಗೀಚಿದ ಹೆಸರು.

ಒಂದು ಎತ್ತನ್ನು ನಾವಿಬ್ಬರೂ ಅರ್ಧ ತಾಸು ನೋಡಿದೆವು. ಒಂದೂವರೆ ಗೇಣು ಉದ್ದ. ಗೆರೆ ಅಂತ ದೂರದಿಂದ ಕಾಣುವುದು ಹತ್ತಿರ ಹೋದರೆ ಗೆರೆಯಲ್ಲ, ಒಂದಕ್ಕೊಂದು ತಾಗಿದ ಸಣ್ಣ ಸಣ್ಣ ಗುಳಿ. ಜೋಳದ ಕಾಳು ಒತ್ತಿ ತೆಗೆದ ಹಾಗೆ. ಬೆರಳಿಟ್ಟು ನೋಡಬೇಕು ಅಂತ ಬಹಳ ಅನ್ನಿಸಿತು, ಇಡಲಿಲ್ಲ. ಇಣಿಯ ಹತ್ತಿರದ ಗುಳಿಗಳು ಎಲ್ಲಕ್ಕಿಂತ ಆಳ, ಒತ್ತೊತ್ತಾಗಿ ಕೂತಿವೆ. ಬೆನ್ನಿನ ಸಾಲು ಅಲ್ಲಿಂದ ಹೊರಟು ಬಾಲದ ಕಡೆ ಹೋಗುತ್ತ ಹೋಗುತ್ತ ತೆಳುವಾಗುತ್ತದೆ. ಕತ್ತು, ಮುಖ ಇನ್ನೂ ತೆಳು. ಕಾಲುಗಳಂತೂ ನಾಲ್ಕು ಏಟಿನಲ್ಲಿ ಮುಗಿಸಿದ್ದು. ಕೊಂಬಿಗೆ ಬಂದಾಗ ಕೈ ಮತ್ತೆ ನಿಧಾನವಾಗಿದೆ, ಎರಡು ಕೊಂಬು ಬಿಲ್ಲಿನ ಹಾಗೆ ಬಾಗಿ ಮೇಲೆ ಬಂದು ಕೂಡುವಷ್ಟು ಹತ್ತಿರ ಹೋಗಿ ನಿಂತಿವೆ. ಅವನು ಇಣಿಯಿಂದ ಶುರು ಮಾಡಿದ್ದಾನೆ, ಕೊಂಬಿನಲ್ಲಿ ಮುಗಿಸಿದ್ದಾನೆ. ಇದು ಪಂಡಿತರ ಮಾತಲ್ಲ, ನಾನು ಕಂಡದ್ದು.

ನನಗೆ ಅದು ಹೊಳೆದದ್ದಕ್ಕೆ ಕಾರಣ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಸಿರುಗುಪ್ಪದ ಕಡೆಯ ನಮ್ಮಜ್ಜನ ಊರಿಗೆ ಹೋಗುತ್ತಿದ್ದೆವು. ಹಳ್ಳದ ಎರೆಮಣ್ಣು ತಂದು, ನಾದಿ, ಅಂಗಳದಲ್ಲಿ ಎಲ್ಲ ಹುಡುಗರೂ ಎತ್ತು ಮಾಡುವುದು. ನಾನು ಯಾವಾಗಲೂ ತಲೆಯಿಂದ ಶುರು ಮಾಡುತ್ತಿದ್ದೆ, ನನ್ನ ಎತ್ತು ಯಾವಾಗಲೂ ನಾಯಿ ಆಗುತ್ತಿತ್ತು. ಅಮ್ಮ ಮುದ್ದೆಯನ್ನು ಕೈಗೆ ತಗೊಂಡು ಮೊದಲು ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಮೇಲೆತ್ತುತ್ತಿದ್ದಳು. ಇಣಿ ಬಂತು ಅಂದರೆ ಎತ್ತು ಬಂತು. ಆಮೇಲೆ ಕಾಲು ಹ್ಯಾಗಿದ್ದರೂ ನಡೆಯುತ್ತದೆ, ಬಾಲ ಇಲ್ಲದಿದ್ದರೂ ನಡೆಯುತ್ತದೆ. ಕೊನೆಗೆ ಕೊಂಬಿಗೆ ಎರಡು ಜೋಳದ ದಂಟಿನ ಸಿಬಿರು. ಕಪ್ಪಗಲ್ಲಿನ ಬಂಡೆಯ ಮುಂದೆ ನಿಂತಾಗೆಲ್ಲ ನನಗೆ ಕಾಣುವುದು ಆ ಚಿವುಟು.

ಮಗಳಿಗೆ ಇದನ್ನು ಹೇಳಲಿಲ್ಲ. ಅವಳು ಬಂಡೆಗೆ ಎದುರಾಗಿ ಕೂತು ಪುಸ್ತಕ ತೆಗೆದು ಬರೆಯತೊಡಗಿದ್ದಳು, ಮುಖದಿಂದ.

ಕೆಳಗೆ ಕುರಿಗಳ ಸದ್ದು ಕೇಳಿತು. ಕಂಬಳಿ ಹೊದ್ದ ಒಬ್ಬ ಹಿರಿಯರು ನಮ್ಮ ಕಾರು ನೋಡಿ ಮೇಲೆ ಬಂದಿದ್ದರು. ಯಾರು, ಎಲ್ಲಿಯವರು, ಯಾಕೆ ಬಂದಿರಿ ಎಲ್ಲ ಆಯಿತು. ಮಗಳು ಬರೆಯುತ್ತಿದ್ದುದನ್ನು ನೋಡಿ ಅವರಿಗೆ ಖುಷಿಯಾಯಿತು ಅನ್ನಿಸುತ್ತದೆ. "ಬರ್ರಿ, ಬಾರ್ಸೋ ಕಲ್ಲು ತೋರಸ್ತೀನಿ" ಅಂದರು. ನನಗೆ ಅದು ಗೊತ್ತಿದ್ದ ಕಲ್ಲೇ. ಅವರ ಹಿಂದೆ ಹೋಗುವುದು ಬೇರೆ ತರಹ.

ದೊಡ್ಡ ಕರಿಗುಂಡು, ಅದರ ಮೈಮೇಲೆ ಬಟ್ಟಲಿನಂಥ ಸವೆದ ಗುಳಿಗಳು. ಅವರು ನೆಲದಿಂದ ಒಂದು ಸಣ್ಣ ಬಿಳಿಕಲ್ಲು ಎತ್ತಿಕೊಂಡು, ಗುಳಿಯಿಂದ ಒಂದು ಗೇಣು ಆಚೆ, ಹಗುರವಾಗಿ ಒಂದೇ ಒಂದು ಸಲ ತಟ್ಟಿದರು. ಕಲ್ಲಿನ ಸದ್ದಲ್ಲ ಅದು. ಜಾಗಟೆ. ಸದ್ದು ನಿಂತ ಮೇಲೂ ಅದರ ಕಂಪನ ಸ್ವಲ್ಪ ಹೊತ್ತು ಇತ್ತು. ಕುರಿಗಳು ತಲೆ ಎತ್ತಿದವು. ಮಗಳು ತನಗೂ ಒಂದು ಸಲ ಕೊಡಿ ಅಂದಾಗ ಅವರು ಕಲ್ಲು ಕೆಳಗೆ ಹಾಕಿ ಹೇಳಿದ್ದು: "ಬ್ಯಾಡ ತಾಯಿ. ಬಂದೋರೆಲ್ಲ ಬಡಿದ್ರ ಗುಂಡು ಉಳಿಯಂಗಿಲ್ಲ. ಒಂದ್ ಸಲ ಕೇಳಿದ್ರ ಸಾಕು."

ಯಾಕೆ ದನಿ ಕೊಡುತ್ತದೆ ಅನ್ನುವುದು ಅಂಥ ಗುಟ್ಟೇನಲ್ಲ. ಡೊಲೆರೈಟ್ ಬಹಳ ಸಾಂದ್ರವಾದ, ಸಣ್ಣ ಕಣದ ಕಲ್ಲು. ಗುಂಡು ಕೆಳಗಿನ ಬಂಡೆಗೆ ಪೂರ್ತಿ ಅಂಟಿಕೊಳ್ಳದೆ ಎರಡು ಮೂರು ಕಡೆ ಮಾತ್ರ ತಾಗಿ ಕೂತಿದ್ದರೆ, ತಟ್ಟಿದಾಗ ಇಡೀ ಮೈ ನಡುಗುತ್ತದೆ, ಗಂಟೆ ನಡುಗುವ ಹಾಗೆ. ಆ ಸವೆದ ಗುಳಿಗಳು ಮಾತ್ರ ಒಬ್ಬರು ಒಂದು ದಿನ ತಟ್ಟಿದ್ದರಿಂದ ಆದದ್ದಲ್ಲ. ತಲೆಮಾರುಗಟ್ಟಲೆ ಇಲ್ಲಿಗೆ ಜನ ಬಂದು ಬಾರಿಸಿದ್ದಾರೆ. ಎತ್ತು ಕೆತ್ತುವಾಗಿನ ಟಕಟಕ, ಈ ಗುಂಡಿನ ಜಾಗಟೆ, ಕೆಳಗೆ ಹಟ್ಟಿಯಲ್ಲಿ ದನ ಕೂಗುವುದು, ಎಲ್ಲ ಸೇರಿಯೇ ಈ ಗುಡ್ಡ. ನಾವು ಬರೀ ಫೋಟೋ ತೆಗೆದುಕೊಂಡು ಬಂದರೆ ಅರ್ಧ ಬಿಟ್ಟುಬಂದ ಹಾಗೆ.

ಫ್ರೆಡ್ ಫಾಸೆಟ್ ಅನ್ನುವ ಬ್ರಿಟಿಷ್ ಅಧಿಕಾರಿ 1892ರಲ್ಲೇ ಈ ಚಿತ್ರಗಳ ಬಗ್ಗೆ ಬರೆದಿದ್ದ. ಅದಕ್ಕೂ ಮುಂಚೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯನ್ನೆಲ್ಲ ಸುತ್ತಿ ಕಲ್ಲಿನ ಕೊಡಲಿ ಆಯುತ್ತಿದ್ದ. ಆಮೇಲೆ 1946ರಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. ಫಾಸೆಟ್ ಕಾಲದ ಫೋಟೋಗಳು ಕಳೆದುಹೋದವು. 2000ದ ನಂತರ ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಹಿರೇಗುಡ್ಡ, ಸಂಗನಕಲ್ಲು, ಕಪ್ಪಗಲ್ಲುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದಾಗ, ಆ ತಂಡದ ನಿಕೋಲ್ ಬೋಯ್ವಿನ್ 2004ರಲ್ಲಿ ಈ ಚಿತ್ರಗಳ ಬಗ್ಗೆ, ದನಿ ಕೊಡುವ ಕಲ್ಲುಗಳ ಬಗ್ಗೆ ಬರೆದರು. 'ಕಳೆದುಹೋಗಿದ್ದ ಚಿತ್ರಗಳು ಮತ್ತೆ ಸಿಕ್ಕವು' ಅಂತ ಆಗ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿ. ಕಳೆದುಹೋದದ್ದು ಕಾಗದದಲ್ಲಿ. ಕುರಿ ಕಾಯುವವರಿಗೆ ಅವು ಒಂದು ದಿನವೂ ಕಳೆದಿರಲಿಲ್ಲ. ಹಾಗಂತ ಆ ಕೆಲಸವನ್ನು ನಾನು ಸಣ್ಣದು ಮಾಡುತ್ತಿಲ್ಲ. ಅವರು ಬರೆಯದಿದ್ದರೆ ನನ್ನಂಥ ಪೇಟೆಯವನು ಈ ಗುಡ್ಡ ಹತ್ತುತ್ತಿರಲಿಲ್ಲ.

ಅವರ ಕೆಲಸದಿಂದಲೇ ನನಗೆ ತಿಳಿದ ಇನ್ನೊಂದು ಸಂಗತಿ ಹೇಳಲೇಬೇಕು. ಎಂಟೂವರೆಗೆ ಅಲ್ಲೇ ಬೇವಿನ ನೆರಳಲ್ಲಿ ಡಬ್ಬಿ ಬಿಚ್ಚಿದೆವು. ಜೋಳದ ರೊಟ್ಟಿ, ಹುರುಳಿಕಾಳು ಪಲ್ಯ, ಕೆಂಪು ಖಾರ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಜೋಳ ಆಫ್ರಿಕಾ ಮೂಲದ್ದು. ಇಲ್ಲಿನ ನವಶಿಲಾಯುಗದ ಮಣ್ಣನ್ನು ನೀರಲ್ಲಿ ತೊಳೆದು ಸೋಸಿದಾಗ ಸಿಕ್ಕ ಸುಟ್ಟ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯ. ನಮ್ಮ ಡಬ್ಬಿಯನ್ನು ಆ ಎತ್ತು ಕೆತ್ತಿದವನ ಮುಂದೆ ಇಟ್ಟಿದ್ದರೆ ಅವನಿಗೆ ಗುರುತು ಸಿಗುತ್ತಿದ್ದುದು ಹುರುಳಿ ಒಂದೇ. ಮಗಳಿಗೆ ಹುರುಳಿ ಅಂದರೆ ಆಗದು. ಆ ದಿನ ತಿಂದಳು.

ಗುಡ್ಡದ ಬುಡದಲ್ಲಿ ಬೂದಿದಿಬ್ಬ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಹೀಗೆ ನೂರಕ್ಕೂ ಹೆಚ್ಚು ದಿಬ್ಬಗಳಿವೆ, ಕುಡತಿನಿಯದ್ದು ಹೆಸರುವಾಸಿ. ಹಂಪಿ ಹತ್ತಿರ ನಿಂಬಾಪುರದ ಬೂದಿಯನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ನಂಬುತ್ತಾರೆ. ಅಗೆದು ನೋಡಿದವರು ಹೇಳುವುದು, ಇದು ದನದ ಸಗಣಿ. ದೊಡ್ಡಿಯಲ್ಲಿ ವರ್ಷಗಟ್ಟಲೆ ಒಟ್ಟಿ, ಮತ್ತೆ ಮತ್ತೆ ಸುಟ್ಟದ್ದು. ಕೆಲವು ಕಡೆ ಬೆಂಕಿ ಎಷ್ಟು ಜೋರಾಗಿತ್ತೆಂದರೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಯಾಕೆ ಸುಟ್ಟರು? ಹಬ್ಬಕ್ಕೋ, ರೋಗ ಬಂದಾಗಲೋ, ದನದ ಹಿಂಡು ಜಾಗ ಬದಲಿಸುವಾಗಲೋ. ಹಬ್ಬ ಅನ್ನುವವರ ಕಡೆ ನನ್ನ ಮನಸ್ಸು ವಾಲುತ್ತದೆ. ಗೊಬ್ಬರ ಅನ್ನುವುದು ಎಷ್ಟು ಬೆಲೆಯ ವಸ್ತು ಅಂತ ಗೊತ್ತಿರುವ ಜನ ಅದನ್ನು ಬೆಟ್ಟದಷ್ಟು ಕೂಡಿಸಿ ಸುಡಬೇಕಾದರೆ ಮನಸ್ಸಿನಲ್ಲಿ ಏನೋ ದೊಡ್ಡದೇ ಇರಬೇಕು. ಮೇಲೆ ಕಲ್ಲಿನಲ್ಲಿ ಎತ್ತು, ಕೆಳಗೆ ಎತ್ತಿನ ಸಗಣಿಯ ಬೂದಿ. ಇವೆರಡನ್ನೂ ಬೇರೆ ಬೇರೆ ನೋಡುವುದು ನನಗಂತೂ ಆಗುವುದಿಲ್ಲ.

ಇಳಿಯುವಾಗ ಆ ಹಿರಿಯರು ಗುಡ್ಡದ ಇನ್ನೊಂದು ಬದಿ ತೋರಿಸಿದರು. ಕಲ್ಲು ಒಡೆದ ಬಿಳಿ ಗಾಯ. ಅಲ್ಲಿ ಏನಿತ್ತು ಅಂತ ನಾನು ಕೇಳಿದೆ. "ಇದ್ದುವ್ರಿ" ಅಂದರು, ಅಷ್ಟೇ.

ಬಳ್ಳಾರಿಗೆ ವಾಪಸ್ ಬಂದು ಕುರುಗೋಡು ದಾರಿ ಹಿಡಿದೆವು. ದೊಡ್ಡಬಸವೇಶ್ವರ ಗುಡಿಯಲ್ಲಿ ಮಗಳು ಏಕಶಿಲೆಯ ಬಸವಣ್ಣನನ್ನು ಸುತ್ತು ಹಾಕಿ ನೋಡಿದಳು, ವಿಶೇಷವಾಗಿ ಇಣಿಯನ್ನು. ಅಲ್ಲಿಂದ ಮುಂದೆ ಡಾಂಬರಿನಲ್ಲಿ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಗುಡ್ಡದ ಸಾಲಿನ ಒಳಗಿಂದ ಹೋಗುವ ಒಂದು ಮಣ್ಣು ದಾರಿ ನನಗೆ ಗೊತ್ತಿತ್ತು. ಎರಡೂ ಕಡೆ ಗುಂಡುಗಳು ಗೋಡೆಯ ಹಾಗೆ ಎದ್ದು ನಿಂತ ಸಣ್ಣ ಕಣಿವೆ, ನಡುವೆ ಒಣಗಿದ ಹಳ್ಳ. ಮಳೆಗಾಲದಲ್ಲೂ ವಾರಗಟ್ಟಲೆ ನೀರು ಕಾಣದ ಸೀಮೆ ಇದು. ಹಳ್ಳದ ಮರಳು ಪುಡಿಯಾಗಿ ಗಾಲಿಗೆ ಹಿಡಿತವೇ ಸಿಗುತ್ತಿರಲಿಲ್ಲ. ಎರಡನೇ ಗೇರಿನಲ್ಲಿ, ಸ್ಟೇರಿಂಗನ್ನು ಸಡಿಲ ಹಿಡಿದು, ನಿಲ್ಲಿಸದೆ ಹೋಗಬೇಕು. ನಿಲ್ಲಿಸಿದರೆ ಹೂತಿತು ಅಂತಲೇ. ಮೊದಲು ಬಂದಾಗ ಈ ದಾರಿಯಲ್ಲಿ ಎದುರಿಗೆ ಒಂದು ಟ್ರ್ಯಾಕ್ಟರ್ ಕೂಡ ಸಿಕ್ಕಿರಲಿಲ್ಲ. ಈ ಸಲ ಟಿಪ್ಪರ್‌ಗಳು. ಒಂದಾದ ಮೇಲೊಂದು. ಕಣಿವೆಯ ಆ ತುದಿಯಲ್ಲಿ ಕ್ರಷರ್ ಬಂದಿತ್ತು. ಗುಂಡುಗಳ ಮೇಲೆಲ್ಲ ಬಿಳಿ ಧೂಳು, ಹೊಲದ ಹತ್ತಿ ಗಿಡದ ಎಲೆಯ ಮೇಲೂ. ಸದ್ದು ಕಾರಿನ ಗ್ಲಾಸು ಏರಿಸಿದರೂ ಕೇಳುತ್ತಿತ್ತು. ಒಂದು ಟಿಪ್ಪರ್‌ಗೆ ದಾರಿ ಬಿಡಲು ಪಕ್ಕಕ್ಕೆ ಸರಿದಾಗಲೇ ಟೈರ್ ಹೋಯಿತು.

ಸ್ಟೆಪ್ನಿ ಹಾಕಿಕೊಂಡು ಕಂಪ್ಲಿ ಮುಟ್ಟುವ ಹೊತ್ತಿಗೆ ಒಂದು ಗಂಟೆ. ಪಂಕ್ಚರ್ ಅಂಗಡಿಯ ಹುಡುಗ ಇಕ್ಕಳದಿಂದ ಟೈರಿನೊಳಗಿಂದ ಒಂದು ಚೂರು ಎಳೆದು ನನ್ನ ಅಂಗೈಯಲ್ಲಿ ಇಟ್ಟ. ಹೆಬ್ಬೆರಳಿನಷ್ಟು, ಬ್ಲೇಡಿನಂಥ ಅಂಚು. "ಕರಿಜಲ್ಲಿ ಸಾರ್, ಬಾಳ ಗಟ್ಟಿ. ರೋಡಿಗೆ ಇದೇ ಬೇಕು ಅಂತಾರ" ಅಂದ. ಮಗಳು ಅದನ್ನು ತಗೊಂಡು ಇನ್ನೊಂದು ಕಲ್ಲಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದಳು. ಮತ್ತೆ ತಟ್ಟಿದಳು.

ನಾನು ಓಡಾಡುವ ರಸ್ತೆಗೂ ಇದೇ ಕಲ್ಲು, ನಾನಿರುವ ಮನೆಯ ಕಾಂಕ್ರೀಟಿಗೂ ಇದೇ. ಅದು ಬೇಡ ಅನ್ನಲು ನನಗೆ ಬಾಯಿಲ್ಲ. ಕಲ್ಲು ಒಡೆಯುವುದು ಈ ಸೀಮೆಗೆ ಹೊಸದೂ ಅಲ್ಲ. ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಇದೇ ಡೊಲೆರೈಟಿನಿಂದ ಕೊಡಲಿ ಮಾಡುವ ದೊಡ್ಡ ಕೆಲಸದ ಜಾಗ ಇತ್ತು, ಚಕ್ಕೆಗಳ ರಾಶಿ ಈಗಲೂ ಇದೆ, ಕೊಡಲಿ ತೇದ ಗೀರುಗಳು ಬಂಡೆಯ ಮೇಲೆ ಇವೆ. ಅವರೂ ಒಡೆದರು. ಆದರೆ ಯಾವ ಗುಂಡು ದನಿ ಕೊಡುತ್ತದೆ ಅಂತ ತಿಳಿದು, ಅದನ್ನು ಬಿಟ್ಟು ಒಡೆದಿರಬೇಕು. ಯಂತ್ರಕ್ಕೆ ಆ ವ್ಯತ್ಯಾಸ ಹೇಳುವವರು ಯಾರಾದರೂ ಬೇಕು. ಯಾವ ಗುಡ್ಡ ಬೇಡ, ಯಾವ ಸಾಲು ಮುಟ್ಟಬಾರದು ಅಂತ ಗೆರೆ ಎಳೆದು ಕಾವಲು ಹಾಕುವುದು ಅಸಾಧ್ಯದ ಕೆಲಸವೇನಲ್ಲ. ಜಲ್ಲಿಗೆ ಬೇರೆ ಗುಡ್ಡ ಸಿಗುತ್ತದೆ. ಕೆತ್ತಿದವನು ಮತ್ತೆ ಸಿಗುವುದಿಲ್ಲ. ಈ ಮಾತನ್ನು ನಾನು ಬಳ್ಳಾರಿಯಲ್ಲಿ ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೂ ಹೇಳುತ್ತೇನೆ.

ಕಂಪ್ಲಿ ಸೇತುವೆ ದಾಟುವಾಗ ತುಂಗಭದ್ರೆಯಲ್ಲಿ ಬಂಡೆಗಳೇ ಹೆಚ್ಚು, ನೀರು ಕಮ್ಮಿ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಇದೇ ಸೇತುವೆ ಮುಳುಗಿ, ಆಚೆ ಈಚೆ ಊರುಗಳಿಗೆ ಸಂಪರ್ಕ ಕಡಿದುಹೋಗುತ್ತದೆ. ಹೊಳೆ ದಾಟಿದರೆ ಲೋಕವೇ ಬೇರೆ. ಕಾಲುವೆ, ಭತ್ತ, ಕೊಕ್ಕರೆ, ರೈಸ್‌ಮಿಲ್ಲು. ಗಂಗಾವತಿಯಲ್ಲಿ ಚಹಾ ಕುಡಿದು ಕೊಪ್ಪಳದ ದಾರಿಗೆ ಬಿದ್ದೆವು.

ಹಿರೇಬೆಣಕಲ್ಲು ಊರು ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಕಾರು ಬಿಟ್ಟು ಗುಡ್ಡದೊಳಗೆ ಎರಡು ಮೂರು ಕಿಲೋಮೀಟರ್ ನಡೆಯಬೇಕು. ಕರಡಿ ಓಡಾಡುವ ಗುಡ್ಡ, ಒಬ್ಬರೇ ಹೋಗಬಾರದು, ಕತ್ತಲಾಗುವ ಮುಂಚೆ ಇಳಿಯಬೇಕು. ಊರಿನ ಒಬ್ಬ ಹುಡುಗ ಜೊತೆಗೆ ಬಂದ.

ದಾರಿಯಲ್ಲೇ ಬಂಡೆಯ ಚಾಚಿನ ಕೆಳಗೆ ಚಿತ್ರಗಳು. ಇಲ್ಲಿ ಜಜ್ಜಿದ್ದಲ್ಲ, ಬರೆದದ್ದು. ಕಬ್ಬಿಣದ ಕೆಂಪು, ಕಾವಿ. ಸಂಡೂರಿನ ಅದಿರು ಹೊತ್ತ ಲಾರಿಗಳು ನಮ್ಮ ಬಾಲ್ಯದ ರಸ್ತೆ, ಮರ, ಅಂಗಿ ಎಲ್ಲಕ್ಕೂ ಹಚ್ಚಿದ್ದು ಇದೇ ಹೆಮಟೈಟಿನ ಬಣ್ಣವನ್ನೇ. ಜಿಂಕೆ, ಎತ್ತು, ಕುದುರೆ, ಆಯುಧ ಹಿಡಿದು ಸಾಲಾಗಿ ಕುಣಿಯುವ ಜನ. ಮಳೆನೀರು ತಾಗದ ಚಾಚು ಇರುವ ಕಡೆ ಮಾತ್ರ ಉಳಿದಿವೆ.

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಪಿಯುಸಿಯಲ್ಲಿದ್ದಾಗ ಗೆಳೆಯರ ಜೊತೆ ಇಲ್ಲಿಗೆ ಬಂದಿದ್ದೆ. ಫೋಟೋದಲ್ಲಿ ಬಣ್ಣ ಎದ್ದು ಕಾಣಲಿ ಅಂತ ಬಾಟಲಿಯ ನೀರನ್ನು ಒಂದು ಜಿಂಕೆಯ ಮೇಲೆ ಚಿಮುಕಿಸಿದ್ದು ನಾನೇ. ನಿಜ, ಒಂದು ಕ್ಷಣ ರಕ್ತದ ಹಾಗೆ ಹೊಳೆಯಿತು. ನೀರು ಒಣಗುವಾಗ ಬಂಡೆಯೊಳಗಿನ ಉಪ್ಪು ಮೇಲೆ ಬಂದು ಬಣ್ಣದ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಬಣ್ಣ ಸಡಿಲಾಗುತ್ತದೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ಜಿಂಕೆಯನ್ನು ಈ ಸಲ ಹುಡುಕಿದೆ. ಸಿಕ್ಕಿತು. ಹಿಂಗಾಲಿನ ಹತ್ತಿರ ಮಸುಕಾಗಿದೆ. ನನ್ನಿಂದಲೇ ಆಯಿತೋ, ಮುಂಚೆಯೇ ಹಾಗಿತ್ತೋ ಹೇಳುವ ಹಾಗಿಲ್ಲ. ಮಗಳಿಗೆ ತೋರಿಸಿ ಹೇಳಿದೆ. ಅವಳು ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಬ್ಯಾಗಿನೊಳಗೆ ಇಟ್ಟುಕೊಂಡಳು.

ಮೇಲಿನ ಬಯಲಿಗೆ ಬಂದಾಗ ನಾಲ್ಕೂವರೆ. ಕಲ್ಲಿನ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಕಟ್ಟಿದ ಮನೆಗಳ ಸಾಲು ಸಾಲು. ಇಂಥ ರಚನೆಗಳು ಇಲ್ಲಿ ಸುಮಾರು ನಾನೂರು, ಕೆಲವು ನನಗಿಂತ ಎಷ್ಟೋ ಎತ್ತರ. ಒಂದೊಂದರ ಗೋಡೆಯಲ್ಲಿ ದುಂಡನೆಯ ಕಿಂಡಿ. ಕ್ರಿ.ಪೂ. 800ರಿಂದ 200ರ ನಡುವಿನ ಕಬ್ಬಿಣದ ಯುಗದವು ಅನ್ನುತ್ತಾರೆ, ಸತ್ತವರಿಗಾಗಿ ಕಟ್ಟಿದವು. ಊರಿನವರಿಗೆ ಇವು ಮೊರ್ಯರ ಮನೆ, ಇದು ಮೊರ್ಯರ ಗುಡ್ಡ. ಮೊರ್ಯರು ಅಂದರೆ ಮೂರಡಿಯ ಗಿಡ್ಡ ಜನ, ಅದಕ್ಕೇ ಬಾಗಿಲು ಇಷ್ಟು ಸಣ್ಣದು ಅಂತ ಜೊತೆಗೆ ಬಂದ ಹುಡುಗ ಹೇಳಿದ. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ಜಾಗ ಸೇರಿದೆ. ಇದೇ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕ ಬಂಡೆಯ ಮೇಲೆ ಅಕ್ಷರ ಬರೆಸುವಾಗ ಇಲ್ಲಿ ಇನ್ನೂ ಜನ ಚಪ್ಪಡಿ ನಿಲ್ಲಿಸುತ್ತಿದ್ದಿರಬಹುದು.

ನಾನು ಅಲ್ಲಿಗೆ ಬಂದದ್ದು ಮನೆಗಳಿಗಾಗಿ ಅಲ್ಲ. ಒಂದು ಎತ್ತರದ ಬಂಡೆಯ ನೆತ್ತಿಯಲ್ಲಿ ನಗಾರಿಯ ಹಾಗೆ ದುಂಡಾದ ಕಲ್ಲು ಕೂತಿದೆ. ಬಾರಿಸಿದರೆ ಕಿಲೋಮೀಟರ್ ದೂರ ಕೇಳುತ್ತದೆ ಅಂತ ಮಾತು. ಹುಡುಗ ಹತ್ತಿ ಮರದ ತುಂಡಿನಿಂದ ಎರಡು ಸಲ ಬಡಿದ. ಕಪ್ಪಗಲ್ಲಿನದು ಜಾಗಟೆ. ಇದು ತುಂಬಿದ, ಎದೆಗೆ ತಾಗುವ ದನಿ. ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಬೆಳಗಿನ ದನಿಯೂ ನನ್ನ ಕಿವಿಯಲ್ಲಿ ಇನ್ನೂ ಇತ್ತು. ನಡುವೆ ಸಾವಿರ ವರ್ಷಕ್ಕೂ ಹೆಚ್ಚು ಅಂತರ ಇದ್ದಿರಬಹುದು, ಇಲ್ಲಿಯವರು ಅಲ್ಲಿಯವರ ಮಕ್ಕಳೋ ಮರಿಮಕ್ಕಳೋ ನನಗೆ ತಿಳಿಯದು. ಎರಡೂ ಕಡೆಯವರು ಗುಡ್ಡದ ಮೇಲೆ ನಿಂತು ಒಂದೊಂದೇ ಕಲ್ಲನ್ನು ತಟ್ಟಿ, ಕಿವಿಗೊಟ್ಟು, ಇದು ಅಂತ ಆರಿಸಿದ್ದಾರೆ. ಈ ಎರಡು ಗುಡ್ಡ ಒಂದೇ ದಿನ ನೋಡಬೇಕು ಅಂತ ನನ್ನ ಹಟ ಯಾಕಿತ್ತು ಅನ್ನುವುದು ಆ ಹೊತ್ತಿಗೆ ನನಗೆ ತಿಳಿಯಿತು.

ಮನೆ ಮುಟ್ಟಿದಾಗ ಹತ್ತು. ಮಗಳು ದಾರಿಯುದ್ದಕ್ಕೂ ನಿದ್ದೆ. ಅಮ್ಮ ಊಟಕ್ಕೆ ಕಾದಿದ್ದಳು. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಡ್ರಾಯಿಂಗ್ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು, ಬಲ್ಬಿನ ಕೆಳಗೆ ಹಿಡಿದಿದ್ದಳು. ಮೊದಲಿನ ಪುಟಗಳನ್ನು ಸುಮ್ಮನೆ ತಿರುವಿದಳು. ಕೊನೆಕೊನೆಯ ಒಂದರಲ್ಲಿ ನಿಂತಳು.

"ಕಪ್ಪಗಲ್ಲಿನ ಎತ್ತು ಅಮ್ಮ" ಅಂದೆ.

"ಎತ್ತಲ್ಲೋ ಇದು" ಅಂದಳು. ಬೆರಳು ಇಣಿಯ ಮೇಲಿತ್ತು. "ಎತ್ತಿಗೆ ಇಷ್ಟು ಇಣಿ ಎಲ್ಲಿ ಬರ್ತತಿ? ಬೀಜ ಒಡದಮ್ಯಾಲ ಇಣಿ ಇಳಿತತಿ. ಇದು ಹೋರಿ. ಬೀಜದ ಹೋರಿ."

ಇಷ್ಟು ವರ್ಷ ನಾನು ಎತ್ತು ಎತ್ತು ಅಂತಲೇ ಹೇಳಿಕೊಂಡು ಬಂದಿದ್ದೆ. ಅಮ್ಮ ಪುಸ್ತಕವನ್ನು ಇನ್ನೊಂದು ಸ್ವಲ್ಪ ಹತ್ತಿರ ಹಿಡಿದು ನೋಡಿದಳು.

"ಚಲೋ ಹೋರಿ ಐತಿ" ಅಂದಳು. "ಯಾರದಂತ?"